ಅಲ್ಲಾಡದ ಟವಲ್ಲು

ಮೋಸಗಾರ ಎಂದರೆ ನನಗೆ ಮೊದಲು ನೆನಪಾಗುವುದು ಮನುಷ್ಯರಲ್ಲ, ನಮ್ಮ ತಾತನ ಎತ್ತು ಬೂದ. ಅದನ್ನು ನಾನು ಕಂಡವಳಲ್ಲ. ಯುದ್ಧದ ಕಾಲದ್ದು, ಅಜ್ಜಿ ಹೇಳಿದ್ದು. ಕೊತ್ತತ್ತಿಯಿಂದ ಮಂಡ್ಯಕ್ಕೆ ಕಬ್ಬಿನ ಗಾಡಿ ಹೋಗುವಾಗ ದಿಣ್ಣೆ ಬಂತೆಂದರೆ ಬೂದ ಕುತ್ತಿಗೆ ಬಗ್ಗಿಸಿ, ಬುಸ್ ಬುಸ್ ಎಂದು, ಭೂಮಿಯನ್ನೇ ಎಳೆಯುತ್ತಿರುವ ಹಾಗೆ ನಟಿಸುತ್ತಿತ್ತಂತೆ. ಎಳೆಯುತ್ತಿದ್ದದ್ದು ಪಕ್ಕದ ಎತ್ತು. ಇಂಥವರನ್ನು ಆಫೀಸಿನಲ್ಲಿ ನೋಡಿದ್ದೇನೆ. ಸುಳ್ಳೇಕೆ, ಕನ್ನಡಿಯಲ್ಲೂ ನೋಡಿದ್ದೇನೆ. ಮೈಗಳ್ಳ ಅನ್ನುತ್ತೇವಲ್ಲ, ಕದಿಯುವುದು ತನ್ನ ಮೈಯನ್ನೇ. ನಷ್ಟ ಮಾತ್ರ ಪಕ್ಕದವನಿಗೆ.

ಮುತ್ತಾತ ಕಡ್ಡಿ ಮುರಿದಂತೆ ಮಾತಾಡುವವನು. "ಮೋಸದ್ ದನ ಕೊಟ್ಟಿಗೇಲಿ ಇರ್ಬಾರ್ದು ಕಣ್ಲಾ, ಮಾರ್ಬುಡು" ಎಂದುಬಿಟ್ಟ. ಬೂದ ತಾಯಿ ಸತ್ತ ಕರುವಾಗಿದ್ದಾಗ ಅದಕ್ಕೆ ಬಿದಿರಿನ ಗೊಟ್ಟದಲ್ಲಿ ಅಂಬಲಿ ಕುಡಿಸಿ ಸಾಕಿದ್ದವನು ತಾತ. ಆದರೆ ಅಪ್ಪನಿಗೆ ಎದುರಾಡುವ ಗಂಟಲು ಅವನಿಗೆಲ್ಲಿತ್ತು?

ಮದ್ದೂರಿನಿಂದ ದನದ ದಲ್ಲಾಳಿ ಕರೀಂ ಸಾಬರು ಬಂದರು. ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲ್ಲಿನ ಕೆಳಗೆ ಬೆರಳು ಹಿಡಿದು, ಮಡಿಸಿ ತಿಳಿಸುತ್ತಾರೆ, ನೋಡುವವರಿಗೆ ಗೊತ್ತಾಗಬಾರದು. ಜಗಲಿಯಲ್ಲಿ ಮುತ್ತಾತ ಎಲೆಅಡಿಕೆ ಹಾಕುತ್ತ ಕೂತಿದ್ದ.

"ಒಂದ್ ರೇಟು ಮಾಡಿ ಸಾಬ್ರೆ, ಇವತ್ತೇ ಒಡ್ಕಂಡ್ ಓಗಿ" ಎಂದು ತಾತ ಅಪ್ಪನಿಗೆ ಕೇಳುವಂತೆ ಜೋರಾಗಿ ಹೇಳಿದ. ಟವಲ್ಲಿನ ಕೆಳಗೆ ಮಾತ್ರ ಒಂದು ಬೆರಳನ್ನೂ ಮಡಿಸಲಿಲ್ಲ. ಸಾಬರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನೆ ನಿಂತ.

ಸಾಬರು ಅವನ ಮುಖ ನೋಡಿದರು. ಆಮೇಲೆ ಟವಲ್ಲು ಕೊಡವಿ, "ಕುದ್ರಾಕಿಲ್ಲ ಗೌಡ್ರೆ. ನಿಮ್ ಮಗ ಬಾಳ ಜಾಸ್ತಿ ಕೇಳ್ತವ್ನೆ" ಎಂದರು.

"ಎಷ್ಟ್ ಕೇಳ್ದ್ಯಲಾ?" ಎಂದ ಮುತ್ತಾತ.

ತಾತ ಬೂದನ ಬೆನ್ನು ಸವರತೊಡಗಿದ.

"ಟವಲ್ ಕೆಳ್ಗೆ ಕೈ ಕೊಟ್ಟೂ ಕೊಟ್ಟೂ ಮುದ್ಕ ಆದೋನು ಕಣ್ಲಾ ನಾನು. ಬೆರಳಾಡುದ್ರೆ ಬಟ್ಟೆ ಅಲ್ಲಾಡ್ತದೆ. ನಿನ್ ಟವಲ್ಲು ಅಲ್ಲಾಡ್ನೇ ಇಲ್ವಲ್ಲ!" ಎಂದು ಮುತ್ತಾತ ಸಾಬರ ಕಡೆ ತಿರುಗಿದ. "ನೀವೂ ಸೇರ್ಕಂಡ್ರಾ ಸಾಬ್ರೆ?"

ಸಾಬರು ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ನಕ್ಕರು.

ಮುತ್ತಾತ ಬಾಯಲ್ಲಿದ್ದ ಎಲೆ ಉಗಿದ. "ಇರ್ಲಿ ಬುಡು. ದಿಣ್ಣೆ ಬಂದ್ರೆ ನೀನೇ ಇಳ್ದು ಗಾಡಿ ತಳ್ಳು, ಓಗು" ಎಂದ.

ತಾತ ತಳ್ಳಿದನಂತೆ, ಬೂದ ಮುದಿಯಾಗಿ ಸಾಯುವವರೆಗೂ.

"ಅಂಗಾದ್ರೆ ತಾತನೂ ಮೋಸಗಾರನೇ ಅಲ್ವೇನಜ್ಜಿ?" ಎಂದು ಕೆಣಕಿದೆ.

"ಊಂ ಕಣವ್ವ. ಆದ್ರೆ ತನ್ ಮೋಸದ್ ಬಾರ ಇನ್ನೊಬ್ರ ಎಗಲ್ಗೆ ಆಕ್ನಿಲ್ಲ" ಎಂದಳು ಅಜ್ಜಿ. ಆಮೇಲೆ, ಮನೆಯಲ್ಲಿ ಮುತ್ತಾತ ಇನ್ನೂ ಇದ್ದಾನೇನೋ ಎಂಬಂತೆ ದನಿ ತಗ್ಗಿಸಿದಳು: "ಆಗ ರಾಗಿಗೂ ಬರ. ನಿಮ್ ಮುತ್ತಾತಂಗೆ ಕಾಣ್ದಂಗೆ, ಗಾಡಿ ತಳ್ಳೋ ದಿನ ಅವ್ರಿಗೆ ಒಂದ್ ಮುದ್ದೆ ಜಾಸ್ತಿ ಇಕ್ತಿದ್ದೆ."