ಜೇವರ್ಗಿಯಲ್ಲಿ ಇಲ್ಲದ ಕೂಸು

ಜೇವರ್ಗಿಯಲ್ಲಿ ಅಂಥ ಕೂಸು ಇರಲೇ ಇಲ್ಲ. ನೀವು ಮಾಡಿದ ಗೊಂಬೆಯ ಕೀಲಿನಲ್ಲಿ ಯಾವ ಕೂಸಿನ ಬೆರಳೂ ಸಿಕ್ಕಿರಲಿಲ್ಲ. ಅದು ನಾನು ಕಟ್ಟಿದ ಸುಳ್ಳು — ಹೆಂಡತಿಯ ಮಾತೆಂದು ನೀವು ನಂಬಿದಿರಿ. ನೀವಿದ್ದಾಗ ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ, ಕೇಳಲು ನೀವಿಲ್ಲ.

ಅಫಜಲಪುರದ ಬಸ್ ನಿಲ್ದಾಣದ ಎದುರು ಬುಟ್ಟಿ ಇಟ್ಟುಕೊಂಡು ನಿಮ್ಮ ಪೈಲ್ವಾನರನ್ನು ಮಾರುತ್ತಿದ್ದ ಆ ಕಾಲ ಎಷ್ಟು ಚೆನ್ನಾಗಿತ್ತು. ಗೇಣುದ್ದದ ಬೇವಿನ ಗೊಂಬೆ, ಕೆಂಪು ಲಂಗೋಟಿ, ಹುರಿ ಮೀಸೆ. ಮೀಸೆ ಬರೆಯುವುದು ನನ್ನ ಕೆಲಸ. ಹುಡುಗರು ಅವಕ್ಕೆ ಊರಿನ ಹೆಸರಿಡುತ್ತಿದ್ದರು — ಅತನೂರ ಪೈಲ್ವಾನ, ಮಣ್ಣೂರ ಪೈಲ್ವಾನ. ಒಬ್ಬನನ್ನು ಕೊಂಡವರಿಗೆ ಇನ್ನೊಬ್ಬ ಬೇಕು, ಮೀಸೆ ಬೇರೆಯಿದ್ದರೆ ಅವನೂ ಬೇಕು. ಮನೆಯ ಗೂಡು ತುಂಬುವ ತನಕ ತಾಯಂದಿರ ಸೆರಗು ಬಿಡುತ್ತಿರಲಿಲ್ಲ.

ಮೀಸೆಗೆ ಮರುಳಾದರು ಎಂದು ನಾನು ಜಂಬಪಡುತ್ತಿದ್ದೆ. ಅವರು ಮರುಳಾದದ್ದು ಕೀಲಿಗೆ. ಭುಜ, ಮೊಣಕೈ, ನಡು, ಮೊಣಕಾಲು — ಎಲ್ಲ ಆಡುತ್ತಿದ್ದವು. ಕುಸ್ತಿಗೆ ಇಳಿಯುವ ಮೊದಲು ಪೈಲ್ವಾನ ಬಗ್ಗಿ ಗರಡಿಯ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನಲ್ಲ, ನಿಮ್ಮ ಗೊಂಬೆಯೂ ಹಾಗೆ ಮಾಡಬೇಕು. ಅದಕ್ಕಾಗಿ ಜಾಲಿಯ ಬೆಣೆಗಳನ್ನು ಅರದಿಂದ ತಿಕ್ಕುತ್ತ ಕೂತರೆ ನಿಮಗೆ ಊಟದ ನೆನಪೂ ಇರುತ್ತಿರಲಿಲ್ಲ. ಮೈ ಕೆತ್ತುವ ಹೊತ್ತಿಗಿಂತ ಕೀಲು ಕೂಡಿಸುವ ಹೊತ್ತೇ ಹೆಚ್ಚು.

ಆಗ ಸೊಲ್ಲಾಪುರದಿಂದ ಪ್ಲಾಸ್ಟಿಕ್ ಗೊಂಬೆಗಳು ಬರತೊಡಗಿದ್ದವು. ಆಳಂದದ ಸಾವಕಾರನೊಬ್ಬ ನನಗೆ ಹೇಳಿದ — ಭುಜವೊಂದು ಆಡಿದರೆ ಸಾಕು, ಉಳಿದದ್ದೆಲ್ಲ ಒಂದೇ ಕಟ್ಟಿಗೆಯಲ್ಲಿರಲಿ, ಅಗ್ಗಕ್ಕೆ ಬುಟ್ಟಿಗಟ್ಟಲೆ ಕೊಡು, ಎಷ್ಟಿದ್ದರೂ ಒಯ್ಯುತ್ತೇನೆ. ಬಂದು ನಿಮಗೆ ಹೇಳಿದೆ. ನೀವು ಉಳಿಯಿಂದ ಕಣ್ಣೆತ್ತಲಿಲ್ಲ.

"ಮಣ್ಣ ಮುಟ್ಟಲಾರದವ ಎಂಥಾ ಪೈಲ್ವಾನ? ಅಂಥವ ನನ್ನ ಕೈಲೆ ಆಗೂದಿಲ್ಲ, ಗೌರಾ."

ಹೊಟ್ಟೆಗಿಲ್ಲದೆ ಸುಳ್ಳು ಹೇಳಿದಳು ಎಂದು ಯಾರೂ ಮರುಗುವುದು ಬೇಡ. ನಮಗೆ ರೊಟ್ಟಿಗೆ ಕೊರತೆಯಿರಲಿಲ್ಲ. ನನಗೆ ಪಕ್ಕಾ ಅಂಗಡಿ ಬೇಕಿತ್ತು, ಅದರ ಮೇಲೊಂದು ಬೋರ್ಡು ಬೇಕಿತ್ತು. ನಿಮ್ಮನ್ನು ಮಣಿಸುವ ಮಾತು ಯಾವುದೆಂದು ಹುಡುಕಿದೆ — ಓಣಿಯಲ್ಲಿ ಯಾರ ಕೂಸು ಅತ್ತರೂ ಕೆಲಸ ಬಿಟ್ಟು ಎದ್ದುಹೋಗುವವರು ನೀವು. ಅಲ್ಲಿಯೇ ಕೈ ಹಾಕಿದೆ.

"ಜೇವರ್ಗಿಯಾಕಿ ಒಬ್ಬಾಕಿ ಬಂದಿದ್ಳುರಿ," ಎಂದೆ. "ಗೊಂಬಿ ಮೊಣಕಾಲಾಗ ಸಿಕ್ಕು ಆಕಿ ಕೂಸಿನ ಬೆರಳ ಜಜ್ಜಿ ಹೋಗ್ಯಾದಂತ್ರಿ."

ನೀವು ಕೈಯಲ್ಲಿದ್ದ ಉಳಿ ಕೆಳಗಿಟ್ಟಿರಿ. ಆಮೇಲೆ ನಿಮ್ಮ ಕಿರುಬೆರಳನ್ನು ಒಂದೊಂದೇ ಗೊಂಬೆಯ ಸಂದಿನಲ್ಲಿ ಇಟ್ಟು ನೋಡಿದಿರಿ. ಅದು ಒಳಗೇ ಹೋಗಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ.

"ನಂದು ದಪ್ಪ ಬೆರಳ," ಎಂದಿರಿ. "ಕೂಸಿಂದು ಎಳೀದು ಇರ್ತದ."

ಮರುದಿನ ನೀವು ಜೇವರ್ಗಿಗೆ ಹೊರಟು ನಿಂತದ್ದನ್ನು ನಾನು ಎಣಿಸಿರಲಿಲ್ಲ. ಕೂಸಿಗೆ ಕಲ್ಲುಸಕ್ಕರೆ, ಅದರ ತಾಯಿಗೆ ಒಂದು ಕುಬಸದ ಖಣ, ಜೊತೆಗೆ ಒಂದು ಹೊಸ ಗೊಂಬೆ — ಅದರ ಕೀಲುಗಳಿಗೆಲ್ಲ ನನ್ನ ಹಳೆಯ ಸೀರೆಯ ಅಂಚು ಹರಿದು ಬಿಗಿಯಾಗಿ ಸುತ್ತಿದ್ದಿರಿ. ಯಾವ ಓಣಿ ಎಂದು ಕೇಳಿದಿರಿ. ಗೊತ್ತಿಲ್ಲ ಎಂದೆ. ಆಗಲಾದರೂ ಕೈ ಹಿಡಿದು ನಿಲ್ಲಿಸಬಹುದಿತ್ತು — ನಿಲ್ಲಿಸಲಿಲ್ಲ. ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ ಹೋಗಿ, ಕತ್ತಲಾಗುವ ಹೊತ್ತಿಗೆ ತಿರುಗಿ ಬಂದಿರಿ. ಖಣದ ಗಂಟು ಬಿಚ್ಚಿರಲಿಲ್ಲ.

"ಸಂತ್ಯಾಗೆಲ್ಲಾ ಕೇಳ್ದೆ. ಆ ತಾಯಿಗೆ ನನ್ನ ಮಾರಿ ನೋಡೂ ಮನಸ್ಸಿಲ್ಲ ಕಾಣ್ತದ."

ಅಂದಿನಿಂದ ನೀವು ಕೀಲು ಕೂಡಿಸಲಿಲ್ಲ. ಭುಜ ಮಾತ್ರ ಆಡುವ, ಎದೆ ಸೆಟೆದು ನಿಂತ ಪೈಲ್ವಾನರು ಬುಟ್ಟಿಗಟ್ಟಲೆ ಆಳಂದಕ್ಕೆ ಹೋದರು. ನನ್ನ ಅಂಗಡಿಯೂ ಆಯಿತು, ಬೋರ್ಡೂ ಬಂತು. ಇವ ಯಾಕೆ ಮಣ್ಣು ಮುಟ್ಟುವುದಿಲ್ಲ ಎಂದು ಓಣಿಯ ಹುಡುಗರು ಕೇಳಿದರೆ, "ಅವಗ ನಡ ಹಿಡದದಪಾ," ಎಂದು ನಗಿಸುತ್ತಿದ್ದಿರಿ. ಅವರು ನಕ್ಕು ಓಡುತ್ತಿದ್ದರು, ನೀವು ಒಳಗೆ ಹೋಗುತ್ತಿದ್ದಿರಿ. ಯಾವ ಕೆಲಸಕ್ಕೆ ಜೇವರ್ಗಿಯ ಕಡೆ ಹೋದರೂ ಆ ಖಣ ನಿಮ್ಮ ಚೀಲದಲ್ಲಿರುತ್ತಿತ್ತು. ನಾನು ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಕೊನೆಗೆ ಹಾಸಿಗೆ ಹಿಡಿದಾಗಲೂ ನೀವು ಕೇಳಿದ್ದು ಅದನ್ನೇ.

"ಆ ಕೂಸು ಈಗ ಲಗ್ನಕ್ಕ ಬಂದಿರಬೇಕು. ಬೆರಳ ನೆಟ್ಟಗಾಗಿರ್ತದಲ್ಲ, ಗೌರಾ?"

ಹೇಳಬೇಕಾದ ಹೊತ್ತು ಅದೇ ಆಗಿತ್ತು. ತುಟಿಯ ತನಕ ಬಂತು —

"ಆಗ್ಯಾದ್ರಿ," ಎಂದೆ.

"ಛಲೋ ಆತು," ಎಂದು ಗೋಡೆಯ ಕಡೆ ಹೊರಳಿದಿರಿ. ಇಲ್ಲದ ಬೆರಳನ್ನು ವಾಸಿಮಾಡಿ ನಿಮ್ಮನ್ನು ಕಳಿಸಿಕೊಟ್ಟೆ.

ಈಗ ನನಗೆ ಆ ಅರದ ಸಪ್ಪಳ ಬೇಕು. ಉಣ್ಣಲು ಕರೆದು ಕರೆದು ಬೇಸತ್ತು ಬೈಯುವುದು ಬೇಕು. ಅಂಗಡಿ, ಬೋರ್ಡು ಯಾರಾದರೂ ಒಯ್ಯಲಿ — ನೀವು ಬಗ್ಗಿ ಕೂತಿದ್ದ ಆ ಮೂಲೆ...

ಜೇವರ್ಗಿಗೆ ಹೋಗಿಬಂದ ಆ ಗೊಂಬೆಯನ್ನು ನಿನ್ನೆ ಮೊಮ್ಮಗಳು ಪೆಟ್ಟಿಗೆಯಿಂದ ಎಳೆದಳು. ಸುತ್ತಿದ್ದ ಬಟ್ಟೆಯನ್ನು ನಾನೇ ಬಿಚ್ಚಿದೆ. ಕೀಲುಗಳು ಇನ್ನೂ ಆಡುತ್ತವೆ. ಪೈಲ್ವಾನ ಬಗ್ಗಿ ನೆಲ ಮುಟ್ಟಿದ, ಕೈ ಹಣೆಗೆ ಹೋಯಿತು. ನಾನು ತಡೆಯುವುದರೊಳಗೆ ಮಗು ತನ್ನ ಬೆರಳನ್ನು ಮೊಣಕಾಲಿನ ಸಂದಿಗೆ ತೂರಿಸಿ ಮಡಿಚಿಯೇಬಿಟ್ಟಿತು. ಬಿಡಿಸಲು ಕೈ ಚಾಚಿದೆ. ಮಗು ನಕ್ಕಿತು.

ಪೂರ್ತಿ ಮಡಿಚಿದರೂ ಒಳಗೆ ಎಳೆಬೆರಳಿನಷ್ಟು ಜಾಗವನ್ನು ನೀವು ಕೊರೆದು ಬಿಟ್ಟಿದ್ದಿರಿ. ಕೂಸುಗಳಿಗೆಂದೇ ಬಿಟ್ಟದ್ದು. ಕೊರೆದ ನಿಮಗೆ ಅದು ಗೊತ್ತಿರಲೇಬೇಕು — ಗೊತ್ತಿದ್ದೂ ನೀವು ಅನುಮಾನಿಸಿದ್ದು ನಿಮ್ಮ ಕೈಯನ್ನು, ನನ್ನ ಮಾತನ್ನಲ್ಲ.