ಅಕ್ಕೋರ ಕೆಂಪು ನೂಲು

ಜೈನಾಬಿ ಅಕ್ಕೋರು ಕಾದಂಬರಿ ಓದಲು ಕುಳಿತರೆಂದರೆ ತೋರುಬೆರಳಿಗೆ ಒಂದು ಕೆಂಪು ನೂಲು ಸುತ್ತಿಯೇ ಇರುತ್ತಿತ್ತು. ಪಕ್ಕದ ಮಗ್ಗದ ಮನೆಯವರು ಬಿಸಾಡಿದ ತುಂಡು ನೂಲು. ಕಥೆ ಎಲ್ಲಿ ಸುಳ್ಳು ಅನಿಸಿತೋ ಆ ಪುಟದಲ್ಲಿ ಅದನ್ನು ಬಿಚ್ಚಿಟ್ಟು ಪುಸ್ತಕ ಮುಚ್ಚುವರು. "ಇಲ್ಲಿ ಎಳಿ ಹರೀತು," ಎನ್ನುವರು. ಮುಂದೆ ಒಂದು ಸಾಲನ್ನೂ ಓದುತ್ತಿರಲಿಲ್ಲ. ಬರೆದವನು ಎಷ್ಟು ದೊಡ್ಡವನಾದರೂ ಅಷ್ಟೆ.

ಶಿರಹಟ್ಟಿಯ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ನಿವೃತ್ತರಾಗಿ ಬೆಟಗೇರಿಗೆ ಬಂದ ಮೇಲೆ ವಿಜ್ಞಾನ ಕಾದಂಬರಿಗಳ ಹುಚ್ಚು ಹಿಡಿಯಿತು. ಚಂದ್ರ, ಮಂಗಳ, ಯಂತ್ರಮಾನವ, ಏನು ಸಿಕ್ಕರೂ ಬಿಡುತ್ತಿರಲಿಲ್ಲ. ಮುಲಾಜು ಮಾತ್ರ ಎಳ್ಳಷ್ಟೂ ಇಲ್ಲ. ಗದಗ ಆಗಷ್ಟೇ ಜಿಲ್ಲೆಯಾಗಿತ್ತು, ಎಲ್ಲಿ ನೋಡಿದರೂ ಸಭೆ, ಪುಸ್ತಕ ಬಿಡುಗಡೆ. ಅಂಥದೊಂದು ಸಭೆಯಲ್ಲಿ ಅಕ್ಕೋರಿಗೆ ಎರಡು ಮಾತಾಡಲು ಹೇಳಿದರು. ಅವರು ನೇರವಾಗಿ ಲೇಖಕರತ್ತ ತಿರುಗಿದರು.

"ಮಂಗಳದಾಗ ಊರು ಕಟ್ಟೀರಿ, ಛಲೋ ಆತು. ಅಷ್ಟು ಮಂದ್ಯಾಗ ಒಬ್ಬರರ ಹಸಿವಿ ಆಗೇತಿ ಅಂತ ಅಂದಾರೇನ್ರಿ? ಅಲ್ಲಿ ರೊಟ್ಟಿ ಯಾರು ಬಡೀತಾರ?"

ಹಾರ ಹಿಡಿದು ನಿಂತವನು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಆ ಲೇಖಕರು ಮುಂದೆ ಅಕ್ಕೋರ ಓಣಿಯಲ್ಲಿ ಹಾಯುವುದನ್ನೇ ಬಿಟ್ಟರು.

ಇಂಥವರ ಕೈಗೆ ನನ್ನ ಮೊದಲ ಕಾದಂಬರಿಯ ಹಸ್ತಪ್ರತಿ ಕೊಟ್ಟೆ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವ ಹುಚ್ಚು, ಮತ್ತೇನು. ಭೂಮಿ ಬಿಟ್ಟು ಹೊರಡುವ ಕೊನೆಯ ನೌಕೆಯಲ್ಲಿ ತನಗೆ ಜಾಗ ಬೇಡವೆಂದು ಹಿಂದೆ ಉಳಿದು ಸಾಯುವ ಮುದುಕಿಯ ಕಥೆ ಅದು. ಮುದುಕಿಗೆ ಅಕ್ಕೋರ ಮುಖವನ್ನೇ ಕೊಟ್ಟಿದ್ದೆ. ಅವರಿಗೆ ಹೇಳಿರಲಿಲ್ಲ. ಅವರು ಕಡೆಯ ಅಧ್ಯಾಯಕ್ಕೆ ಬಂದ ದಿನ ನಾನು ಅವರ ಮನೆಗೆ ಹೋದೆ; ಮರುದಿನ ಅದು ಅಚ್ಚಿಗೆ ಹೋಗಬೇಕಿತ್ತು. ಮರುದಿನವೇ ಅಕ್ಕೋರು ಹೃದಯದ ಆಪರೇಶನ್ನಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು.

"ಇವತ್ತು ಬ್ಯಾಡ್ರಿ ಅಕ್ಕೋರ," ಎಂದೆ.

"ಕಡೀ ಅಧ್ಯಾಯ ಅಷ್ಟ ಉಳದೈತಿ. ನೀ ಸುಮ್ನ ಮುಂದ ಕುಂಡ್ರು."

ಕುಳಿತೆ. ಅವರ ತಂಗಿ ತಂದಿಟ್ಟ ಚಹಾ ಆರಿಹೋಯಿತು. ನನ್ನ ಕಣ್ಣೆಲ್ಲ ಅವರ ಬೆರಳಿನ ಮೇಲೆ, ಆ ಹಾಳಾದ ನೂಲಿನ ಮೇಲೆ. ಒಮ್ಮೆ ಹೆಬ್ಬೆರಳು ನೂಲಿನ ತುದಿ ಮುಟ್ಟಿತು. ಅವರು ಹಾಳೆ ತಿರುವಿದರು, ಅಷ್ಟೆ. ಇನ್ನೇನು ಮುಗಿಯಿತು ಎನ್ನುವಾಗ ನೂಲು ಬಿಚ್ಚಿದರು.

"ಇಲ್ಲಿ ಎಳಿ ಹರೀತು ನೋಡಪಾ ಮಂಜ್ಯಾ."

ನನಗೆ ಸಿಟ್ಟು ಬಂತು. "ಎರಡ ಹಾಳಿ ಉಳದಾವರಿ. ಅವನ್ನರ ಓದ್ರಿ."

"ಯಾಕ ಓದ್ಲಿ? ಸಾಯೂ ಮುದುಕಿ ನಗತಾಳ, ಎಲ್ಲಾರಿಗೂ ಆಶೀರ್ವಾದ ಮಾಡತಾಳ. ಖರೆ ಮುದುಕಿ ಹಂಗ ಇರೂದಿಲ್ಲೊ."

"ಮತ್ತ ಹೆಂಗ ಇರತಾಳ್ರಿ?"

ಅಕ್ಕೋರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಅಂಜತಾಳ. ನನಗೂ ಒಂದು ಜಾಗ ಕೊಡ್ರಿ ಅಂತ ಕೇಳಬೇಕಿತ್ತು ಅನಸ್ತೈತಿ ಅಕಿಗೆ. ನನಗರ ನಿದ್ದಿ ಹತ್ತವಲ್ದು. ಯಾರ ಮುಂದೂ ಹೇಳಿಲ್ಲ."

ಹಸ್ತಪ್ರತಿಯನ್ನು ನನ್ನ ತೊಡೆಯ ಮೇಲಿಟ್ಟರು. "ತಿದ್ದಿ ಇಡು. ಬಂದ ಮ್ಯಾಲೆ ಓದತೀನಿ."

ಮುದ್ರಣಾಲಯದವರಿಗೆ ತಡೆಯಲು ಹೇಳಿ ಆ ಭಾಗವನ್ನು ಹರಿದುಹಾಕಿದೆ. ಹೊಸದಾಗಿ ಬರೆದಾಗ ನನ್ನ ಮುದುಕಿ ನಗಲಿಲ್ಲ. ಹೊರಟು ನಿಂತ ನೌಕೆಯ ಬಾಗಿಲು ಬಡಿದು, ನನ್ನನ್ನೂ ಕರೆದುಕೊಂಡು ಹೋಗಿರೆಂದು ಅತ್ತಳು. ಬರೆಯುತ್ತ ನಾನೂ ಅತ್ತೆ. ಮುಗಿಸಿ ಪೆನ್ನು ಕೆಳಗಿಡುವಷ್ಟರಲ್ಲಿ ಹುಬ್ಬಳ್ಳಿಯಿಂದ ಖಬರು ಬಂತು.

ಪುಸ್ತಕ ಬಂದಿದೆ. ಆ ಪುಟ ಓದಿ ಕಣ್ಣಲ್ಲಿ ನೀರು ಬಂತು ಎನ್ನುತ್ತಾರೆ ಜನ. ನನಗೆ ಸಮಾಧಾನವಿಲ್ಲ. ನೂಲು ಬೆರಳಲ್ಲೇ ಉಳಿಯುತ್ತಿತ್ತೋ, ಬಿಚ್ಚುತ್ತಿದ್ದರೋ, ಹೇಳುವವರು ಯಾರು? ಇಡೀ ಜನ್ಮದಲ್ಲಿ ಅಕ್ಕೋರು ನನಗೆ ಹೇಳಿದ ಸುಳ್ಳು ಒಂದೇ: "ಬಂದ ಮ್ಯಾಲೆ ಓದತೀನಿ."