ಬಸಣ್ಣನ ಹೆನ್ಸಾಚಿ

ಬಸಣ್ಣ ಚಹಾಕ್ಕೂ ಅಂಕ ಕೊಡುತ್ತಿದ್ದ. ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ, "ನಲವತ್ತೆಂಟು. ಸಕ್ಕರಿ ಕಮ್ಮಿ" ಎನ್ನುತ್ತಿದ್ದ.

ಕೊಲ್ಲಿ ದೇಶದ ರುಸೈಲ್‌ನ ನಮ್ಮ ವಾಲ್ವ್ ಕಾರ್ಖಾನೆಯಲ್ಲಿ ಅವನು ತಪಾಸಣೆಯವನು, ಗದಗಿನ ಕಡೆಯ ಐಟಿಐ ಫಿಟರ್. ಹಿಂದೆ ಯಾವುದೋ ಕಂಪನಿ ಅವನನ್ನು ಆರು ತಿಂಗಳು ಜಪಾನಿಗೆ ಕಳಿಸಿತ್ತು. ಅಲ್ಲಿಂದ ತಂದದ್ದು ಅಳತೆಯ ಒಂದು ಕ್ಯಾಲಿಪರ್, ಒಂದು ಪದ: ಹೆನ್ಸಾಚಿ.

"ಪರೀಕ್ಷಾದಾಗ ನಿನಗೆಷ್ಟು ಬಂತು ಅಂತಲ್ಲೋ ತಮ್ಮಾ. ಉಳದವ್ರಿಗಿಂತ ಎಷ್ಟು ಮ್ಯಾಲ, ಎಷ್ಟು ಕೆಳಗ ಅಂತ ಹೇಳ್ತೈತಿ. ನಟ್ಟನಡುವಿನಾಂವಗ ಐವತ್ತು. ನಾ ಇದ್ದ ಮನಿಯೊಡತಿ ಮಗಳಿಗೆ ನಲವತ್ತೇಳು ಬಂತು. ಆಕಿ ಕಾಲೇಜು, ನೌಕರಿ ಎಲ್ಲಾ ಆ ನಂಬರ್ ಮ್ಯಾಲ. ವಾರಗಟ್ಲೆ ಆ ಮನ್ಯಾಗ ಟೀವಿ ಹಚ್ಚಲಿಲ್ಲ."

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೊಬ್ಬನೇ. ರಜೆಯಲ್ಲಿ ಕಲ್ಲು ಕ್ವಾರಿಯಲ್ಲಿ ದುಡಿದು ಬಿ.ಎಸ್ಸಿ. ಮುಗಿಸಿದವನು, ಸಂಖ್ಯಾಶಾಸ್ತ್ರದಲ್ಲಿ ಪ್ರಥಮ ದರ್ಜೆ. ಅದನ್ನು ಹೇಳಿಕೊಳ್ಳದ ದಿನವಿರಲಿಲ್ಲ. ಬಸಣ್ಣ ನನ್ನನ್ನು ಕರೆಯುತ್ತಿದ್ದುದೇ "ಏನೋ ಫಸ್ಟ್ ಕ್ಲಾಸ್" ಎಂದು.

ತೈಲದ ಬೆಲೆ ಬಿತ್ತು, ಆರ್ಡರು ನಿಂತವು. ಮೊದಲು ಓವರ್‌ಟೈಮ್ ಹೋಯಿತು, ಆಮೇಲೆ ಸಂಜೆಯ ಚಹಾ. ಯಾರನ್ನು ಕೆಲಸದಿಂದ ಕಳಿಸುವುದು ಎಂದು ಮ್ಯಾನೇಜರು ಕೇಳಿದಾಗ, ಆಫೀಸಿನಲ್ಲಿದ್ದ ನಾನೇ ಬಾಯಿ ಹಾಕಿ ಎಲ್ಲರ ಕೆಲಸಕ್ಕೂ ವೇಗಕ್ಕೂ ಅಂಕ ಹಾಕಿ ಹೆನ್ಸಾಚಿಯ ಲೆಕ್ಕ ತೋರಿಸಿದೆ. "ವೆರಿ ಸೈಂಟಿಫಿಕ್" ಎಂದರು. ನಾನು ಉಬ್ಬಿದೆ. ತಳದ ಆರು ಮಂದಿ ಹೋದರು. ಬಸಣ್ಣನಿಗೆ ಐವತ್ತೊಂದು ಬಂದಿತ್ತು. ಓಡಿಹೋಗಿ ಹೇಳಿದರೆ ಅವನು ನಗಲಿಲ್ಲ.

"ತಳದಾಗಿನವ್ರು ಹೋದ್ರ ತಳ ಖಾಲಿ ಇರ್ತೈತೇನೋ? ಇನ್ನ ನಡುವಿನವ್ರ ಪಾಳಿ."

ಮೂರು ತಿಂಗಳಿಗೆ ಮತ್ತೆ ಪಟ್ಟಿ. ಈ ಸಲ ನಾಲ್ವರು. ಬಸಣ್ಣ ಪ್ರತಿ ವಾಲ್ವನ್ನೂ ಎರಡೆರಡು ಸಲ ಅಳೆಯುವವನು. ವೇಗಕ್ಕೆ ಯಾವಾಗಲೂ ಅಂಕ ಕಡಿಮೆ. ಕೆಲಸ ಅದೇ, ಮನುಷ್ಯ ಅದೇ, ಹೆನ್ಸಾಚಿ ಮಾತ್ರ ನಲವತ್ನಾಲ್ಕು. ಕೆಳಗಿನಿಂದ ನಾಲ್ಕನೆಯವನು. ಅವನ ವೇಗದ ಅಂಕವನ್ನು ನಾನು ಕದ್ದು ಹೆಚ್ಚಿಸಿದೆ.

ಅಂಕಗಳಿಗೆ ಅವರವರೇ ಸಹಿ ಹಾಕಬೇಕಿತ್ತು. ಬಸಣ್ಣ ಹಾಳೆಯನ್ನು ಎರಡು ಸಲ ಓದಿದ.

"ಹಂಗಾದ್ರ ನಾಲ್ಕನೇದಾಂವ ಯಾರು?"

"ಹಮೀದ್." ಉಪ್ಪಿನಂಗಡಿಯ ಬ್ಯಾರಿ ಹಮೀದ್ ಪ್ಯಾಕಿಂಗಿನವನು, ಬಸಣ್ಣನ ರೂಮಿನವನು.

ಬಸಣ್ಣ ಪೆನ್ಸಿಲ್ ತೆಗೆದು ನನ್ನ ಅಂಕ ಹೊಡೆದು, ಹಳೆಯದನ್ನು ಬರೆದ.

"ನಿನ್ನ ಮಗಳ ನರ್ಸಿಂಗ್ ಓದು ಇನ್ನ ಎರಡು ವರ್ಷ ಐತಲ್ಲ ಬಸಣ್ಣಾ."

"ಹಮೀದನ ಮನ್ಯಾಗೂ ಉಣ್ಣಾಕ ಮಂದಿ ಅದಾರ. ಅಳತಿ ಸುಳ್ಳು ಮಾಡಬ್ಯಾಡ." ಸಹಿ ಹಾಕಿದ.

ಗಡಿಯಾಚೆಯ ಅಗ್ಗದ ವಿಮಾನ ಹಿಡಿಯಲು ಹೊರಟ ಅವನನ್ನು ಕಳಿಸಲು ರೂವಿ ಬಸ್ ನಿಲ್ದಾಣಕ್ಕೆ ಹೋದವರು ನಾನು, ಹಮೀದ್ ಇಬ್ಬರೇ. ಹಮೀದನಿಗೆ ಏನೂ ಗೊತ್ತಿರಲಿಲ್ಲ.

"ಎಂತ ಬಸಣ್ಣ, ನಿಮ್ಮನ್ನು ಕಳಿಸಿ ನನ್ನನ್ನು ಇಟ್ಕೊಂಡಿದ್ದಾರಲ್ಲ, ಇವರಿಗೆ ಮರ್ಲಾ, ತಲೆ ಕೆಟ್ಟಿದೆಯಾ?"

"ನಿನ್ನ ಹೆನ್ಸಾಚಿ ಛಲೋ ಐತಲೇ. ಯಲ್ಲಾ, ನಡಿ, ಪೆಟ್ಟಿಗಿ ಎತ್ತು."

ನನ್ನ ಹೆಗಲು ತಟ್ಟಿ ಬಸ್ಸು ಹತ್ತಿದ. ಆಮೇಲೆ ಅವನನ್ನು ನಾನು ನೋಡಲಿಲ್ಲ.

ಮರುದಿನ ಹೋದ ನಾಲ್ವರ ಸಾಲುಗಳನ್ನು ಅಳಿಸಿ ಮತ್ತೆ ಲೆಕ್ಕ ಹಾಕಿದೆ. ಸರಾಸರಿ ಐವತ್ತೇ ಬಂತು. ಎಲ್ಲರಿಗಿಂತ ಕೆಳಗೆ ಹಮೀದನ ಹೆಸರಿತ್ತು.